ಬೇಟೆಗಾರನ ಉಡುಪಿನ ಬಣ್ಣ

ಗುಂಡ್ಲುಪೇಟೆಯಿಂದ ನೀಲಗಿರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹಂಗಳದ ಬಳಿ ಪಡುವಣಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ ಸಿಗುತ್ತದೆ. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1454 ಮೀಟರು. ಮೇಲಿರುವ ವೇಣುಗೋಪಾಲನ ಗುಡಿಯು ಹೊಯ್ಸಳ ಬಲ್ಲಾಳನ ಕಾಲದ್ದೆಂದು ಪ್ರತೀತಿ. ‘ಹಿಮವತ್’ ಎಂಬ ವಿಶೇಷಣವನ್ನು ಕೇಳಿ ಇಲ್ಲಿ ಹಿಮ ಬೀಳುವುದೆಂದು ಹೊರನಾಡಿನವರು ಭ್ರಮಿಸುವುದುಂಟು, ಬೀಳುವುದಿಲ್ಲ. ಕನ್ನಡದಲ್ಲಿ ಹಿಮವೆಂದರೆ ಇಬ್ಬನಿಯೂ ಹೌದು, ಮಂಜೂ ಹೌದು, ವಾಚಕರಲ್ಲಿ ಬಹುಮಂದಿ ಚಿತ್ರಪಟಗಳಲ್ಲಿ ಮಾತ್ರ ಕಂಡಿರುವ ಆ ಬಿಳಿಯ ನೀರ್ಗಲ್ಲ ಹುಡಿಯೂ ಹೌದು. ಗೋಪಾಲಸ್ವಾಮಿಯ ಹಿಮವು ಮಂಜಿನ ಹಿಮ. ವರ್ಷದ ಬಹುಭಾಗದಲ್ಲಿ ಬೆಳಗಿನ ಹೊತ್ತು ಗುಡಿಯ ಶಿಖರವೂ ಹುಲ್ಲಿನ ಇಳಿಜಾರೂ ಅದರಲ್ಲಿ ಮುಳುಗಿಹೋಗಿರುತ್ತವೆ.

ಆದರೂ ಆ ಹೆಸರು ಒಂದು ಪ್ರಶ್ನೆಯನ್ನು ಎಬ್ಬಿಸುತ್ತದೆ. ಬಿಳಿಯ ನೆಲದಲ್ಲಿ, ಬಿಳಿಯ ಗಾಳಿಯಲ್ಲಿ ಬೇಟೆಯಾಡುವವನು ಏನನ್ನು ಉಡಬೇಕು? ಹಸಿರು ಕಾಡಿನಲ್ಲಿ ಏನನ್ನು, ಬೇಸಿಗೆಯಲ್ಲಿ ಒಣಗಿ ಹೊಂಬಣ್ಣಕ್ಕೆ ತಿರುಗಿದ ಬಂಡೀಪುರದ ಹುಲ್ಲಿನಲ್ಲಿ ಏನನ್ನು? ಅರಸರೂ ದೊರೆಗಳೂ ಸೋಲಿಗರೂ ಕಳ್ಳಬೇಟೆಗಾರರೂ ಒಬ್ಬರ ಹಿಂದೊಬ್ಬರು ಅಲೆದಾಡಿದ ಈ ಎರಡು ತಾಲ್ಲೂಕುಗಳ ಕಾಡಿನಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಉಡುಪನ್ನು ತಪ್ಪಾಗಿ ಆರಿಸಿದವನು ಬರಿಗೈಯಲ್ಲಿ ಮರಳಿದನು. ಕೆಲವು ಸಂದರ್ಭಗಳಲ್ಲಿ ಮರಳಲೇ ಇಲ್ಲ.

ಕನ್ನಡನಾಡಿನ ಬೇಟೆಯ ಇತಿಹಾಸ ಬಹು ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಕ್ರಿ. ಶ. 949–50ರಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಸ್ಮಾರಕವೂ ಆಗಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸವು ಮೃಗಯೆಯನ್ನು ಅರಸನ ವಿನೋದಗಳಲ್ಲಿ ಒಂದೆಂದು ಎಣಿಸಿ, ಸಾಕಿದ ಮೃಗವನ್ನು ಮುಂದಿಟ್ಟುಕೊಂಡು ಕಾಡಿನ ಮೃಗವನ್ನು ಸೆಳೆಯುವ ಉಪಾಯವನ್ನೂ ವಿವರಿಸುತ್ತದೆ. ಊರೂರಿನ ವೀರಗಲ್ಲುಗಳಲ್ಲಿ ಹುಲಿಯೊಡನೆ ಸೆಣಸುವ ವೀರನು ಕಚ್ಚೆಯನ್ನು ಬಿಗಿದು ಬರಿಮೈಯಲ್ಲಿ ನಿಂತಿದ್ದಾನೆ. ಶಿಲ್ಪಿಯು ಬಣ್ಣವನ್ನು ಬಿಡಿಸಲಾರ. ಆದರೆ ಬಿಸಿಲಿನಲ್ಲಿ ಮಾಗಿದ ಆ ಮೈಬಣ್ಣವೇ ಮರದ ನೆರಳಿನಲ್ಲಿ ಒಳ್ಳೆಯ ಮರೆಯಾಗಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಆ ಮರೆಯನ್ನು ಕೆಡಿಸುತ್ತಿದ್ದುದು ಒಗೆದ ಬಿಳಿಯ ಧೋತ್ರ. ನಾಗರಿಕತೆಯ ಗುರುತಾದ ಬಿಳಿಯ ಬಟ್ಟೆಗಿಂತ ಕಾಡಿಗೆ ಅಯೋಗ್ಯವಾದ ಉಡುಪು ಇನ್ನೊಂದಿಲ್ಲ.

ಇಲ್ಲಿ ಕಂಬಳಿಯ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕುರುಬರು ನೇಯುವ ಕರಿಕಂಬಳಿಗೆ ಬಣ್ಣ ಹಾಕಬೇಕಾದುದಿಲ್ಲ. ಕುರಿಯ ಮೈಯ ಬಣ್ಣವೇ ಅದರ ಬಣ್ಣ. ಅದು ಹೊಳೆಯುವುದಿಲ್ಲ. ಮುಳ್ಳಿಗೆ ತಗುಲಿದರೂ ಸರಸರ ಸದ್ದು ಮಾಡುವುದಿಲ್ಲ. ನೆನೆದರೂ ಒಂದಿಷ್ಟು ಬೆಚ್ಚಗಿರುತ್ತದೆ. ಕೊಪ್ಪೆಯಾಗಿ ತಲೆಯ ಮೇಲಿಂದ ಹೊದ್ದುಕೊಂಡರೆ ಹೆಗಲು, ಕುತ್ತಿಗೆ, ತಲೆ ಎಂಬ ಮನುಷ್ಯಾಕಾರದ ಗೆರೆಗಳೆಲ್ಲ ಕಳೆದುಹೋಗಿ, ಕುಳಿತವನು ಒಂದು ಮೋಟುಮರದಂತೆಯೋ ಹುತ್ತದಂತೆಯೋ ಕಾಣುತ್ತಾನೆ. ಇಂದು ದೊಡ್ಡ ಬೆಲೆಗೆ ಮಾರುವ ಬೇಟೆಯ ಉಡುಪುಗಳ ಗುಣಗಳೆಂದು ಪರದೇಶದ ವ್ಯಾಪಾರಿಗಳು ಸಾರುವುದು ಇವುಗಳನ್ನೇ: ಹೊಳಪಿಲ್ಲದಿರುವಿಕೆ, ಸದ್ದಿಲ್ಲದಿರುವಿಕೆ, ಆಕಾರವನ್ನು ಒಡೆಯುವಿಕೆ. ತೆರಕಣಾಂಬಿಯ ಸಂತೆಗೆ ಬರುವ ಕುರಿಗಾಹಿಯ ಹೆಗಲಿನ ಮೇಲೆ ಇವು ಮೂರೂ ಇದ್ದವು.

ಆಂಗ್ಲೇಯರ ಕಾಲಕ್ಕೆ ಬಂದರೆ ಚಾಮರಾಜನಗರದ ಹೆಸರನ್ನು ಬೇಟೆಯ ಸಾಹಿತ್ಯದಲ್ಲಿ ನೆಲೆಗೊಳಿಸಿದವರು ಜಾರ್ಜ್ ಸ್ಯಾಂಡರ್ಸನ್ನರು. 1864ರಲ್ಲಿ ಇಂಡಿಯಾಕ್ಕೆ ಬಂದು ಮೈಸೂರಿನ ನೀರಾವರಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ ಇವರು, ಚಾಮರಾಜನಗರದ ಬಳಿ, ತಮ್ಮ ಗ್ರಂಥದಲ್ಲಿ ‘ಮಾರ್ಲೆ’ ಎಂದು ಬರೆದಿರುವ ಊರಿನಲ್ಲಿ ಬೀಡುಬಿಟ್ಟಿದ್ದರು. ಬಿಳಿಗಿರಿರಂಗನ ಬೆಟ್ಟಗಳ ಕಾಡು ಅಲ್ಲಿಂದ ದೂರವಲ್ಲ. 1874ರಲ್ಲಿ ಅವರು ಈ ಸೀಮೆಯಲ್ಲಿ ನಡೆಸಿದ ಖೆಡ್ಡಾದಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳು ಸೆರೆಸಿಕ್ಕವು. 1878ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ಗ್ರಂಥವು ಈ ನಾಡಿನ ಹದಿಮೂರು ವರ್ಷಗಳ ಕಾಡಿನ ವಾಸದ ವೃತ್ತಾಂತ.

ಅವರು ಕಂಡು ಬರೆದ ಬಲೆಬೇಟೆಯು ಈ ಲೇಖನದ ವಿಷಯಕ್ಕೆ ಬಹಳ ಹತ್ತಿರವಾದುದು. ಹಳ್ಳಿಗರು ಹುಲಿ ಅಡಗಿದ ಪೊದೆಯನ್ನು ಬಲೆಗಳಿಂದ ಸುತ್ತುವರಿದು, ಈಟಿಗಳನ್ನು ಹಿಡಿದು ಕಾಯುತ್ತಿದ್ದರು. ಇಂಥ ಬೇಟೆಯಲ್ಲಿ ಅಡಗುವುದು ಬಲೆಯೇ ಹೊರತು ಬೇಟೆಗಾರನಲ್ಲ. ಅವನು ಕೂಗಬೇಕು, ತಮಟೆ ಬಾರಿಸಬೇಕು, ಮೃಗಕ್ಕೆ ಕಾಣಲೇಬೇಕು. ಖೆಡ್ಡಾವೂ ಹೀಗೆಯೇ. ಸೋವುವವರು ಬೆಂಕಿಯನ್ನೂ ಗದ್ದಲವನ್ನೂ ಮುಂದುಮಾಡಿಕೊಂಡು ಹಿಂಡನ್ನು ಅಟ್ಟುತ್ತಾರೆ. ಮರೆವೇಷ ಬೇಕಾಗುವುದು ಕಂದಕಕ್ಕೂ ಹೆಬ್ಬಾಗಿಲಿಗೂ. ಅವನ್ನು ಹಸಿಸೊಪ್ಪಿನಿಂದ ಮುಚ್ಚಿ ಕಾಡಿನ ಒಂದು ಭಾಗವೆಂಬಂತೆ ತೋರಿಸುತ್ತಿದ್ದರು. ಉಡುಪಿನ ಬಣ್ಣದ ಚಿಂತೆ ಹುಟ್ಟುವುದು ಬೇಟೆಗಾರನು ಒಬ್ಬಂಟಿಯಾಗಿ, ಕೋವಿಯನ್ನು ಹಿಡಿದು, ಹೆಜ್ಜೆಜಾಡನ್ನು ನೋಡುತ್ತ ನಡೆದಾಗ ಮಾತ್ರ. ಆಗ ಮುಂದೆ ನಡೆಯುತ್ತಿದ್ದವನು ಸೋಲಿಗ, ಹಿಂದೆ ಸಾಹೇಬ.

ಸಾಹೇಬನ ಉಡುಪು ಆ ಹೊತ್ತಿಗೆ ಖಾಕಿಯಾಗಿತ್ತು. ಖಾಕ್ ಎಂದರೆ ಪಾರಸಿಯಲ್ಲಿ ಧೂಳು. 1840ರ ದಶಕದ ಕೊನೆಯಲ್ಲಿ ಪೇಶಾವರದ ಗಡಿಯಲ್ಲಿ ಹ್ಯಾರಿ ಲಮ್ಸ್‌ಡನ್ ತನ್ನ ದಳದವರ ಬಿಳಿಯ ಬಟ್ಟೆಯನ್ನು ಮಣ್ಣಿನ ಬಣ್ಣಕ್ಕೆ ತಿರುಗಿಸಿದನು. ಕೆಸರಿನಲ್ಲಿ ನೆನೆಸಿ ಹಿಪ್ಪುನೇರಳೆಯ ರಸವನ್ನು ತಿಕ್ಕಿಸಿದನೆನ್ನುತ್ತಾರೆ. ಹಿಪ್ಪುನೇರಳೆಯನ್ನು ರೇಷ್ಮೆಹುಳುವಿಗೆ ಉಣಿಸುವುದನ್ನೇ ಬಲ್ಲ ಚಾಮರಾಜನಗರದ ಒಕ್ಕಲಿಗೆ ಇದು ವಿಚಿತ್ರವಾಗಿ ತೋರಬಹುದು. 1857ರ ದಂಗೆಯಲ್ಲಿ ಬೇಸಗೆಯ ಬಿಸಿಲಿನಲ್ಲಿ ಕಾದಾಡಿದ ಆಂಗ್ಲ ದಳಗಳು ಚಹಾ, ಕಾಫಿ, ಕೆಸರು ಮೊದಲಾಗಿ ಕೈಗೆ ಸಿಕ್ಕಿದುದರಲ್ಲಿ ತಮ್ಮ ಬಿಳಿಯ ಉಡುಪನ್ನು ಅದ್ದಿಕೊಂಡವು. ಬಣ್ಣ ನಿಲ್ಲುವ ಖಾಕಿಯು ಮಂಗಳೂರಿನ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆಯ ಕಾರ್ಖಾನೆಯಲ್ಲಿ, 1850ರ ದಶಕದಲ್ಲಿ, ಜಾನ್ ಹಾಲರನ ಕೈಯಲ್ಲಿ ಮೊದಲು ಸಿದ್ಧವಾಯಿತೆಂಬ ಮಾತು ಕನ್ನಡನಾಡಿನಲ್ಲಿ ಪ್ರಸಿದ್ಧವಾಗಿದೆ. ಪೇಶಾವರದ ವೃತ್ತಾಂತವು ಅದಕ್ಕಿಂತ ಹಿಂದಿನದಾದ ಕಾರಣ, ‘ಖಾಕಿಯನ್ನು ಕಂಡುಹಿಡಿದ’ ಕೀರ್ತಿಯನ್ನು ಪೂರ್ತಿಯಾಗಿ ಮಂಗಳೂರಿಗೆ ಕೊಡುವುದು ಅಭಿಮಾನದ ಮಾತಾದೀತು. ಮಗ್ಗದಲ್ಲಿ ನೇಯ್ದು ಬಣ್ಣ ಕಟ್ಟಿ ಮಾರಾಟಕ್ಕೆ ಯೋಗ್ಯವಾಗಿ ಮಾಡಿದ ಕೀರ್ತಿಯಲ್ಲಿ ಅದಕ್ಕೆ ಪಾಲುಂಟು. 1885ರ ವೇಳೆಗೆ ಇಂಡಿಯಾದ ಸೈನ್ಯಕ್ಕೂ 1897ರಲ್ಲಿ ಸಮುದ್ರದಾಚೆಗೆ ಹೋಗುವ ಆಂಗ್ಲ ಸೈನ್ಯಕ್ಕೆಲ್ಲ ಖಾಕಿಯೇ ಉಡುಪಾಯಿತು.

ಯೂರೋಪಿನಲ್ಲಿಯೂ ಬೇಟೆಯವನ ಬಟ್ಟೆಯೇ ಸೈನಿಕನ ಮೈಗೆ ಹೋದುದು. ಜರ್ಮನ್ ಸಂಸ್ಥಾನಗಳ ‘ಯೇಗರ್’ ದಳಗಳಿಗೆ ಆ ಹೆಸರೇ ಬೇಟೆಗಾರರೆಂಬುದು. ಅವರ ಹಸಿರು ಅಂಗಿ ಅರಣ್ಯಪಾಲಕರದು. 1800ರಲ್ಲಿ ಆಂಗ್ಲೇಯರು ಕಟ್ಟಿದ ರೈಫಲ್ ದಳವೂ ಕಡುಹಸಿರನ್ನುಟ್ಟಿತು. 1900ರಲ್ಲಿ ಬೋಯರ್ ಯುದ್ಧಕ್ಕಾಗಿ ಲಾರ್ಡ್ ಲೊವಾಟನು ಸ್ಕಾಟ್ಲೆಂಡಿನ ಬೆಟ್ಟಗಳ ಬೇಟೆಗಾವಲಿನವರನ್ನು ಕೂಡಿಸಿ ದಳ ಕಟ್ಟಿದಾಗ, ಚಿಂದಿಬಟ್ಟೆಯನ್ನೂ ಹುಲ್ಲನ್ನೂ ಮೈಗೆ ಸಿಕ್ಕಿಸಿಕೊಂಡು ಪೊದೆಯಾಗಿಬಿಡುವ ಅವರ ವಿದ್ಯೆ ಯುದ್ಧರಂಗಕ್ಕೆ ಬಂದಿತು. ಫ್ರೆಂಚರು ಚಿತ್ರಕಾರರ ತಂಡವನ್ನೇ ಮಾಡಿ ತೋಪುಗಳಿಗೆ ಬಣ್ಣ ಬಳಿಸಿದುದು 1915ರಲ್ಲಿ. ‘ಕಾಮೊಫ್ಲಾಜ್’ ಎಂಬ ಮಾತು ಆಗ ಲೋಕದ ಬಾಯಿಗೆ ಬಂದಿತು.

ಇನ್ನು ಹಿಮದ ನಾಡು. ಉತ್ತರಧ್ರುವದ ಸುತ್ತಣ ಪ್ರದೇಶಗಳಲ್ಲಿ ಮೊಲವೂ ಒಂದು ಜಾತಿಯ ಕಾಡುಕೋಳಿಯೂ ಚಳಿಗಾಲ ಬಂದೊಡನೆ ಬಿಳುಪಾಗಿ, ಬೇಸಗೆಯಲ್ಲಿ ಮತ್ತೆ ಕಂದಾಗುತ್ತವೆ. ಅವನ್ನು ನೋಡಿದ ಮನುಷ್ಯನು ತಾನೂ ಬಿಳಿಯನ್ನುಟ್ಟರೆ ಸಾಕೆಂದು ತಿಳಿಯುವುದು ಸಹಜ. ಆದರೆ ಗ್ರೀನ್‌ಲೆಂಡಿನ ಬೇಟೆಗಾರರು ಬೇರೆ ಎರಡು ದಾರಿಗಳನ್ನು ಕಂಡುಕೊಂಡಿದ್ದರು. ಒಂದು, ಸಣ್ಣ ಜಾರುಬಂಡಿಗೆ ಬಿಳಿಯ ಬಟ್ಟೆಯ ತೆರೆಯೊಂದನ್ನು ಕಟ್ಟಿ ಅದರ ಹಿಂದೆ ತೆವಳುತ್ತ, ಮಂಜುಗಡ್ಡೆಯ ಮೇಲೆ ಮಲಗಿದ ನೀರುನಾಯಿಯಂಥ ‘ಸೀಲ್’ ಮೃಗದ ಬಳಿಗೆ ಹೋಗುವುದು. ಇನ್ನೊಂದು ಇದಕ್ಕೆ ತೀರ ವಿರುದ್ಧ: ಸೀಲಿನ ಕಪ್ಪು ಚರ್ಮವನ್ನೇ ತೊಟ್ಟು, ಸೀಲಿನಂತೆಯೇ ಹೊರಳಿ, ತಲೆಯೆತ್ತಿ, ಮತ್ತೆ ಮಲಗಿ, ‘ಇದೂ ನಮ್ಮವನೇ’ ಎಂಬ ನಂಬಿಕೆಯನ್ನು ಅದಕ್ಕೆ ಹುಟ್ಟಿಸುವುದು. ಮೊದಲನೆಯದು ಮರೆ, ಎರಡನೆಯದು ಸೋಗು. ಕನ್ನಡಿಗರಿಗೆ ಎರಡನೆಯದರ ಪರಿಚಯ ಉಂಟು. ಬಯಲುಸೀಮೆಯಲ್ಲಿ ಕೃಷ್ಣಮೃಗಗಳು ಎತ್ತಿನ ಗಾಡಿಗೆ ಹೆದರುವುದಿಲ್ಲವೆಂಬುದನ್ನು ಅರಿತು, ಗಾಡಿಯ ಮರೆಯಲ್ಲಿ ನಡೆದುಹೋಗಿ ಗುಂಡು ಹಾರಿಸುತ್ತಿದ್ದರು. ಒಕ್ಕಲಿಗನ ಗಾಡಿಯ ಮೇಲೆ ಮೃಗಗಳು ಇಟ್ಟಿದ್ದ ವಿಶ್ವಾಸವನ್ನು ಹೀಗೆ ಬಳಸಿದುದು ನ್ಯಾಯವೇ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟ.

ಬಿಳಿಯ ಉಡುಪಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಿಮವು ಎಡೆಬಿಡದೆ ಹಾಸಿದಲ್ಲಿ ಬಿಳಿಯು ಬಿಳಿಯಲ್ಲಿ ಬೆರೆಯುತ್ತದೆ. 1939–40ರ ಚಳಿಗಾಲದಲ್ಲಿ ಬಿಳಿಯ ಹೊರ ಅಂಗಿ ತೊಟ್ಟ ಫಿನ್ಲೆಂಡಿನ ಯೋಧರು ತಮಗಿಂತ ಬಹುಪಾಲು ದೊಡ್ಡದಾದ ರಷ್ಯದ ಸೈನ್ಯವನ್ನು ಕಾಡಿನಲ್ಲಿ ಕಂಗೆಡಿಸಿದುದು ಇದರಿಂದಲೂ ಹೌದು. ಆದರೆ ಬಂಡೆ, ಒಣಹುಲ್ಲು, ಮರದ ಬೊಡ್ಡೆ ಇವು ನಡುನಡುವೆ ತಲೆಯೆತ್ತಿದ ಕಡೆ ಬಿಳಿಯ ಮನುಷ್ಯನು ಸುಣ್ಣದ ಬೊಂಬೆಯಂತೆ ಎದ್ದುಕಾಣುತ್ತಾನೆ. ಹಿಮಾಲಯದ ಹಿಮಚಿರತೆಯನ್ನು ನೋಡಿದರೆ ಈ ಮಾತು ಮನದಟ್ಟಾಗುತ್ತದೆ: ಅದು ಬಿಳಿಯಲ್ಲ, ಬೂದುಬಣ್ಣದ ಮೇಲೆ ಮಸಿಯ ಮಚ್ಚೆ. ಏಕೆಂದರೆ ಅದರ ನೆಲೆ ಹಿಮ ಮಾತ್ರವಲ್ಲ, ಹಿಮ ಮತ್ತು ಬಂಡೆ. ಕಾಶ್ಮೀರದಲ್ಲಿ ಬೆಟ್ಟದ ಆಡುಗಳನ್ನು ಬೇಟೆಯಾಡಲು ಹೋಗುತ್ತಿದ್ದವರು ಆ ನಾಡಿನವರು ಮನೆಯಲ್ಲಿ ನೂತು ನೇಯ್ದ ‘ಪಟ್ಟು’ ಎಂಬ ಬೂದುಬಣ್ಣದ ಒರಟು ಉಣ್ಣೆಬಟ್ಟೆಯನ್ನೇ ಮೆಚ್ಚಿಕೊಂಡುದು ಸಕಾರಣ. ಅದು ಕರಿಕಂಬಳಿಯ ದಾಯಾದಿಯೇ ಸರಿ.

ಗೋಪಾಲಸ್ವಾಮಿ ಬೆಟ್ಟದ ಮಂಜಿನಲ್ಲಿಯೂ ಇದೇ ನ್ಯಾಯ. ಮಂಜು ದಟ್ಟವಾಗಿರುವ ತನಕ ಎಲ್ಲ ಬಣ್ಣಗಳೂ ಬೂದಿಯಾಗಿ ತೋರುತ್ತವೆ; ಬಿಳಿಯೂ ಮರೆಯೇ. ಆದರೆ ಮಂಜು ಅರೆಗಳಿಗೆಯಲ್ಲಿ ಎದ್ದುಹೋಗುತ್ತದೆ. ಆಗ ಹಸುರು ಇಳಿಜಾರಿನಲ್ಲಿ ಬಿಳಿಯ ಬಟ್ಟೆಯವನು ಎದುರುಗುಡ್ಡದ ಕಡವೆಗೆ ಸ್ಪಷ್ಟವಾಗಿ ಕಾಣುತ್ತಾನೆ. ಕಪ್ಪು ಬಟ್ಟೆಯವನು ಬೆಟ್ಟದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ನಿಂತರೆ ಇನ್ನೂ ಸ್ಪಷ್ಟವಾಗಿ ಕಾಣುತ್ತಾನೆ. ಎರಡು ಸ್ಥಿತಿಗಳಿಗೂ ಒದಗುವುದು ನಡುವಣ ಮಬ್ಬು ಬಣ್ಣ ಮಾತ್ರ. ಬೆಟ್ಟದ ಕೆಳಗಣ ಬಂಡೀಪುರದಲ್ಲಿ ಋತುವೇ ಉಡುಪನ್ನು ಆರಿಸಿಕೊಡುತ್ತದೆ. ಮಾಘದಿಂದ ಚೈತ್ರದವರೆಗೆ ಎಲೆಯುದುರಿ ಹುಲ್ಲು ಒಣಗಿದ ಕಾಡಿಗೆ ಖಾಕಿ. ಮುಂಗಾರು ಬಿದ್ದು ಲಂಟಾನದ ಪೊದೆ ಚಿಗುರಿದ ಮೇಲೆ ಹಸಿರು.

ಮೃಗಗಳ ಕಣ್ಣು ಮನುಷ್ಯನ ಕಣ್ಣಿನಂತಲ್ಲವೆಂಬುದು ಹಿಂದಿನವರಿಗೆ ಸ್ಪಷ್ಟವಾಗಿ ತಿಳಿದಿರಲಿಲ್ಲ. ಮನುಷ್ಯನ ಕಣ್ಣಿನಲ್ಲಿ ಬಣ್ಣವನ್ನು ಗ್ರಹಿಸುವ ಕೋಶಗಳು ಮೂರು ಬಗೆ. ಜಿಂಕೆ, ಕಡವೆಗಳಲ್ಲಿ ಎರಡೇ ಬಗೆ. ಅವುಗಳಿಗೆ ಕೆಂಪಿಗೂ ಹಸಿರಿಗೂ ಹೆಚ್ಚು ಭೇದವಿಲ್ಲ. ಮನುಷ್ಯನಿಗೆ ಬೆಂಕಿಯಂತೆ ಹೊಳೆಯುವ ಹುಲಿಯು ಜಿಂಕೆಗೆ ಹಸಿರು ಹುಲ್ಲಿನ ಬಣ್ಣದ್ದಾಗಿ ತೋರುತ್ತದೆಂದು 2019ರಲ್ಲಿ ಬ್ರಿಸ್ಟಲ್ಲಿನ ವಿದ್ವಾಂಸರು ಲೆಕ್ಕಹಾಕಿ ತೋರಿಸಿದರು. ಮೇಲಿನ ಪಟ್ಟೆಗಳು ಅದರ ಆಕಾರವನ್ನು ತುಂಡುತುಂಡಾಗಿ ಒಡೆಯುತ್ತವೆ. ಹೀಗಾಗಿ ಬಂಡೀಪುರದಲ್ಲಿ ಅತ್ಯುತ್ತಮವಾದ ಬೇಟೆಯ ಉಡುಪನ್ನು ತೊಟ್ಟವನು ಹುಲಿಯೇ. ಮುಸುವದ ಕಣ್ಣು ಮಾತ್ರ ಮನುಷ್ಯನ ಕಣ್ಣಿನ ಜಾತಿಯದು. ಮರದ ಮೇಲಿಂದ ಅದು ಕಿತ್ತಳೆಬಣ್ಣವನ್ನು ಕಂಡು ಕೂಗಿಕೊಂಡೊಡನೆ ಕೆಳಗೆ ಮೇಯುವ ಚುಕ್ಕೆಜಿಂಕೆಗಳು ಕಿವಿ ನಿಮಿರಿಸುತ್ತವೆ. ಜಿಂಕೆಗಳು ಮುಸುವಗಳ ಸಹವಾಸವನ್ನು ಬಿಡದಿರುವುದು ಉದುರುವ ಎಲೆ ಕಾಯಿಗಳಿಗಾಗಿ ಮಾತ್ರವಲ್ಲ.

ಕೆಂಪನ್ನು ಕಾಣದ ಜಿಂಕೆಯ ಕಣ್ಣು ನೀಲಿಯನ್ನೂ ಅದರಾಚೆಗಿನ ನೇರಿಳಾತೀತ ಕಿರಣಗಳನ್ನೂ ಮನುಷ್ಯನಿಗಿಂತ ಚೆನ್ನಾಗಿ ಗ್ರಹಿಸುತ್ತದೆ. ಇದರಿಂದ ಒಂದು ವಿನೋದದ ಫಲ ಉಂಟು. ಬಟ್ಟೆಯನ್ನು ಬೆಳ್ಳಗೆ ತೋರಿಸಲು ಇಂದಿನ ಸಾಬೂನಿನ ಪುಡಿಗಳಲ್ಲಿ ಸೇರಿಸುವ ದ್ರವ್ಯಗಳು ಆ ಕಾಣದ ಕಿರಣಗಳನ್ನು ಹೀರಿ ನೀಲಿಯ ಬೆಳಕಾಗಿ ಹೊರಸೂಸುತ್ತವೆ. ಎಷ್ಟು ಜಾಣತನದಿಂದ ಹಸಿರು ಮಚ್ಚೆಗಳನ್ನು ಅಚ್ಚುಹಾಕಿದ ಬಟ್ಟೆಯೇ ಆಗಲಿ, ಗೃಹಿಣಿಯು ಅದನ್ನು ಅಂಥ ಪುಡಿಯಲ್ಲಿ ಒಗೆದಳೆಂದರೆ ಜಿಂಕೆಯ ಕಣ್ಣಿಗೆ ಅದು ಮುಸ್ಸಂಜೆಯಲ್ಲಿ ಮಿನುಗಬಹುದು. ಹಿಮದಲ್ಲಿ ತೊಂದರೆ ಇದಕ್ಕೆ ತಲೆಕೆಳಗಾದುದು. ಹಿಮವು ನೇರಿಳಾತೀತ ಕಿರಣಗಳನ್ನು ಯಥೇಷ್ಟವಾಗಿ ಪ್ರತಿಫಲಿಸುತ್ತದೆ. ಹಿಮಕರಡಿಯ ತುಪ್ಪಳು ಹೀರಿಕೊಳ್ಳುತ್ತದೆ. ಉತ್ತರದ ಹಿಮಸಾರಂಗಗಳಿಗೆ ಆ ಕಿರಣಗಳು ಕಾಣುತ್ತವೆಂದು 2011ರಲ್ಲಿ ಪ್ರಕಟವಾದ ಶೋಧನೆಯಿಂದ ತಿಳಿಯಬಂದಿದೆ. ಮನುಷ್ಯನಿಗೆ ಬಿಳಿಯ ಮೇಲೆ ಬಿಳಿಯಾಗಿ ಮರೆಯಾದ ಮೃಗವು ಸಾರಂಗಕ್ಕೆ ಬಿಳಿಯ ಮೇಲಣ ಕಪ್ಪಾಗಿ ಕಾಣಬಹುದು. ಹೊಂಚುವವನು ತನ್ನ ಬಟ್ಟೆಯನ್ನು ತನ್ನ ಕಣ್ಣಿನಿಂದ ಆರಿಸುತ್ತಾನೆ. ತೀರ್ಪು ಕೊಡುವುದು ಇನ್ನೊಂದರ ಕಣ್ಣು.

ಆನೆಯ ಮುಂದೆ ಈ ಪಾಂಡಿತ್ಯವೆಲ್ಲ ವ್ಯರ್ಥ. ಅದರ ದೃಷ್ಟಿ ಮಂದ, ಘ್ರಾಣ ಅತಿತೀಕ್ಷ್ಣ. ಚಿಟಿಕೆ ಧೂಳನ್ನು ಮೇಲಿಂದ ಬಿಟ್ಟು ಗಾಳಿಯ ದಿಕ್ಕನ್ನು ನೋಡದೆ ಹೋದವನು ಯಾವ ಬಣ್ಣವನ್ನುಟ್ಟಿದ್ದರೂ ಒಂದೇ. ಕಾಡುಕೋಣದ ವಿಷಯದಲ್ಲಿಯೂ ಹಾಗೆಯೇ.

ಮರೆವೇಷದಿಂದ ಬೇಟೆಗಾರನಿಗೇ ಬಂದ ಆಪತ್ತನ್ನೂ ಹೇಳಬೇಕು. ಮೃಗಕ್ಕೆ ಕಾಣದವನು ಜೊತೆಯ ಬೇಟೆಗಾರನಿಗೂ ಕಾಣುವುದಿಲ್ಲ. ಪೊದೆ ಅಲುಗಿತೆಂದು ಹಾರಿಸಿದ ಗುಂಡು ಮನುಷ್ಯನಿಗೆ ತಗುಲಿದ ದುರಂತಗಳು ಎಲ್ಲ ದೇಶಗಳಲ್ಲಿಯೂ ನಡೆದಿವೆ. ಅಮೆರಿಕದ ಹಲವು ರಾಜ್ಯಗಳು ಬೇಟೆಯ ಕಾಲದಲ್ಲಿ ಉಜ್ಜ್ವಲವಾದ ಕಿತ್ತಳೆಬಣ್ಣದ ಮೇಲಂಗಿಯನ್ನು ಕಡ್ಡಾಯಮಾಡಿದುದು ಇದಕ್ಕಾಗಿ. ಜಿಂಕೆಯ ಕಣ್ಣಿಗೆ ಅದು ಹುಲಿಯ ಬಣ್ಣದಂತೆಯೇ ಮಬ್ಬು. ಮನುಷ್ಯನ ಕಣ್ಣಿಗೆ ದೂರದಿಂದಲೇ ಎಚ್ಚರಿಕೆ. ಹಿಮದಲ್ಲಿ ಅಡಿಯಿಂದ ಮುಡಿಯವರೆಗೆ ಬಿಳಿಯನ್ನುಟ್ಟು ಹೋಗುವವನಿಗೆ ಇದರ ಅಗತ್ಯ ಮತ್ತೂ ಹೆಚ್ಚು.

ಮೈಸೂರಿನಲ್ಲಿ ಬೇಟೆಯ ಹಕ್ಕು ದಿನೇದಿನೇ ಕಿರಿದಾಗುತ್ತ ಬಂದಿತು. 1901ರಲ್ಲಿ ಮೃಗ ಮತ್ಸ್ಯ ಸಂರಕ್ಷಣೆಯ ಶಾಸನವಾಯಿತು. 1931ರಲ್ಲಿ ಬಂಡೀಪುರದಲ್ಲಿ ಸುಮಾರು 90 ಚದರ ಕಿಲೋಮೀಟರಿನಷ್ಟು ಕಾಡು ಅಭಯಾರಣ್ಯವಾಯಿತು; 1941ರಲ್ಲಿ ಅದು ಬಹಳ ವಿಸ್ತಾರಗೊಂಡು, ಬೆಟ್ಟದ ದೇವರ ಹೆಸರಿನಿಂದ ವೇಣುಗೋಪಾಲ ವನ್ಯಮೃಗ ಉದ್ಯಾನವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ವಿನೋದದ ಬೇಟೆ ನಿಂತಿತು. ಮಾರನೆಯ ವರ್ಷವೇ ಬಂಡೀಪುರವು ಹುಲಿ ಯೋಜನೆಗೆ ಸೇರಿತು. ಬಿಳಿಗಿರಿರಂಗನ ಬೆಟ್ಟವು 1974ರಲ್ಲಿ ಅಭಯಾರಣ್ಯವೂ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಈ ಕಾನೂನುಗಳಿಂದ ಅಟ್ಟಣೆಯ ಮೇಲಿನ ದೊರೆಗಳು ಕಳೆದುಕೊಂಡುದು ವಿನೋದವನ್ನು ಮಾತ್ರ. ಹೆಜ್ಜೆಜಾಡನ್ನು ಓದಿಕೊಡುತ್ತಿದ್ದ ಸೋಲಿಗನು ಕಾಡಿನ ಒಳಗಣ ತನ್ನ ಪೋಡನ್ನೇ ಬಿಡಬೇಕಾಗಿ ಬಂದಿತೆಂಬುದನ್ನು ಬೇಟೆಯ ಗ್ರಂಥಗಳು ಬರೆಯುವುದಿಲ್ಲ.

ಬೇಟೆ ನಿಂತರೂ ಬೇಟೆಯ ಉಡುಪು ಕಾಡನ್ನು ಬಿಡಲಿಲ್ಲ. ದಂತಕ್ಕಾಗಿ ಆನೆಗಳನ್ನೂ ಗಂಧಕ್ಕಾಗಿ ಮರಗಳನ್ನೂ ಕಡಿದ ವೀರಪ್ಪನ್ನನನ್ನು ನಾಡು ಗುರುತಿಸಿದುದು ಸೈನಿಕರದನ್ನು ಹೋಲುವ ಹಸಿರು ಉಡುಪಿನ ಭಾವಚಿತ್ರಗಳಿಂದ. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸರನ್ನು ಅವನು ಕೊಂದನು. 2002ರಲ್ಲಿ ಅವನು ಅಪಹರಿಸಿಕೊಂಡು ಹೋದ ಮಾಜಿ ಮಂತ್ರಿ ಎಚ್. ನಾಗಪ್ಪನವರು ಜೀವಂತವಾಗಿ ಮರಳಲಿಲ್ಲ. ಅವನನ್ನು ಅರಸಿ ಕಾಡು ಹೊಕ್ಕ ಎರಡು ರಾಜ್ಯಗಳ ಪೊಲೀಸರೂ ಅದೇ ಹಸಿರುಮಚ್ಚೆಯ ಬಟ್ಟೆಯನ್ನು ತೊಟ್ಟರು. ಒಂದೇ ಬಣ್ಣವನ್ನು ಬೇಟೆಗಾರನೂ ಬೇಟೆಯೂ ಉಟ್ಟಾಗ, ಮಲೆಯ ಮಾದೇಶ್ವರನ ಬೆಟ್ಟದಿಂದ ಚಾಮರಾಜನಗರದವರೆಗಿನ ಹಳ್ಳಿಗಳವನು ಸೌದೆಗೆ ಹೋದಾಗ ಎದುರಿಗೆ ಕಂಡವನು ಯಾರೆಂದು ತಿಳಿಯದೆ ನಡುಗಿದನು. ವೀರಪ್ಪನ್ 2004ರ ಅಕ್ಟೋಬರ್ 18ರಂದು ಸತ್ತುದು ಕಾಡಿನಲ್ಲಿ ಅಲ್ಲ, ಧರ್ಮಪುರಿಯ ಕಡೆಯ ರಸ್ತೆಯಲ್ಲಿ, ಆಂಬುಲೆನ್ಸಿನಂತೆ ಸಜ್ಜುಗೊಳಿಸಿದ್ದ ಪೊಲೀಸರ ವಾಹನದಲ್ಲಿ. ಅಲ್ಲಿ ಮರೆಯನ್ನು ಸೋಗು ಗೆದ್ದಿತು.

ಈಗ ಬಂಡೀಪುರದಲ್ಲಿ ಕಳ್ಳಬೇಟೆಯನ್ನು ತಡೆಯುವ ಶಿಬಿರಗಳಿವೆ. ಅಲ್ಲಿನ ಕಾವಲುಗಾರರಲ್ಲಿ ಕಾಡಿನ ಹಾಡಿಗಳಿಂದ ಬಂದವರೂ ಇದ್ದಾರೆ. ಹೆಜ್ಜೆಜಾಡನ್ನು ಓದುವ ವಿದ್ಯೆ ಅವರಲ್ಲಿ ಉಳಿದಿದೆ. ಮೃಗಗಳನ್ನು ನೋಡಲು ಬರುವವರಿಗೆ ಹಸಿರು, ಕಂದು, ಬೂದು ಬಣ್ಣದ ಬಟ್ಟೆಯನ್ನುಡಬೇಕೆಂದು ಹೇಳುತ್ತಾರೆ. ಗೋಪಾಲಸ್ವಾಮಿಯ ಬೆಟ್ಟಕ್ಕೆ ಹೋಗುವವರು ಮಾತ್ರ ಈ ಮಾತಿಗೆ ಕಿವಿಗೊಡುವುದಿಲ್ಲ. ಬುಡದಲ್ಲಿ ತಮ್ಮ ವಾಹನಗಳನ್ನು ಬಿಟ್ಟು ಸರ್ಕಾರದ ಬಸ್ಸಿನಲ್ಲಿ ಮೇಲೇರಿ ಬರುವ ಹೆಂಗಸರ ಅರಿಸಿನ ಕುಂಕುಮ ಬಣ್ಣದ ಸೀರೆಗಳೂ ಗಂಡಸರ ಮಡಿಪಂಚೆಗಳೂ ಬೆಳಗಿನ ಮಂಜಿನಲ್ಲಿ ಒಂದೊಂದಾಗಿ ಮೂಡಿ ಗುಡಿಯ ಕಡೆಗೆ ಸಾಗುತ್ತವೆ. ಮಂಜು ಸರಿದ ಮೇಲೆ ಕೆಳಗಣ ಕಣಿವೆಯಲ್ಲಿ ಒಮ್ಮೊಮ್ಮೆ ಆನೆಗಳು ಮೇಯುತ್ತಿರುವುದು ಕಾಣುತ್ತದೆ. ಗಾಳಿ ಬೆಟ್ಟದಿಂದ ಕಣಿವೆಗೆ ಬೀಸುತ್ತಿದ್ದರೆ ಅವು ಸೊಂಡಿಲನ್ನೆತ್ತಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಮೇಯತೊಡಗುತ್ತವೆ.